ಹಳೆಯ ಗಣಕಕ್ಕೆ ಯಾವ ಲಿನಕ್ಸ್?

ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಆ ದಿನ ಯಾರ ಮನೆಯ ಗಣಕವೂ ಕೆಟ್ಟು ಕೂರಲಿಲ್ಲ. ಮರುದಿನ ಗುಂಡಿ ಒತ್ತಿದರೆ ಎಂದಿನಂತೆ ಚಾಲೂ ಆಯಿತು. ಹಾಗಾದರೆ ನಿಂತದ್ದೇನು? ತಂತ್ರಾಂಶದಲ್ಲಿ ಆಗಾಗ ಬಿರುಕು ಕಾಣಿಸಿಕೊಳ್ಳುತ್ತದೆ. ಕಂಪನಿ ಅದಕ್ಕೆ ತೇಪೆ ಹಾಕಿ ಉಚಿತವಾಗಿ ಕಳಿಸುತ್ತಿತ್ತು. ಆ ತೇಪೆ ನಿಂತಿತು. ಬೇಕೆಂದವರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಕೊಡುತ್ತೇವೆ ಎಂದು ಕಂಪನಿ ಹೇಳಿತು, ಅಷ್ಟೆ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದೆಂದರೆ ಹಿತ್ತಲ ಬಾಗಿಲಿಗೆ ಚಿಲಕವಿಲ್ಲದ ಮನೆಯಲ್ಲಿ ಮಲಗಿದಂತೆ.

ವಿಂಡೋಸ್ 11 ಹಾಕಿಕೊಳ್ಳಬಾರದೇ ಎಂದು ಕೇಳಬಹುದು. ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸ್ಥೂಲವಾಗಿ ಎಂಟನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರ್ ಇರಬೇಕು. ಕಚೇರಿಗಳು ಬಳಸಿ ಬಿಟ್ಟ, ನಮ್ಮ ಊರುಗಳಿಗೆ ಸೆಕೆಂಡ್ ಹ್ಯಾಂಡ್ ಆಗಿ ಬರುವ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟು ಅದಕ್ಕಿಂತ ಹಳೆಯವು.

ಮಹಾಲಕ್ಷ್ಮಿ ಗುಡಿಯಿಂದ ಹೆಸರಾದ ಕಲ್ಲೂರಿನಲ್ಲಿ ಅಂಥದೊಂದು ಮನೆ ಇದೆ ಎಂದುಕೊಳ್ಳೋಣ. ಅಪ್ಪ ಹತ್ತಿ ಬೆಳೆಯುವವರು, ಮಗಳು ಪಿಯುಸಿ ವಿಜ್ಞಾನ. ಎರಡು ವರ್ಷದ ಹಿಂದೆ ರಾಯಚೂರಿನಿಂದ ತಂದ ಹಳೆಯ ಡೆಸ್ಕ್‌ಟಾಪ್, 4 ಜಿ.ಬಿ. ರ‍್ಯಾಮ್. ಅಂಗಡಿಯವರನ್ನು ಕೇಳಿದರೆ ಹೊಸದು ಕೊಳ್ಳಿ ಎನ್ನುತ್ತಾರೆ. ಹೊಸ ಯಂತ್ರಕ್ಕೆ 30 ಸಾವಿರ ಎಂದಿಟ್ಟುಕೊಂಡರೂ ಅದು ಎಷ್ಟು ಹತ್ತಿ? ಉದ್ದ ಎಳೆಯ ಹತ್ತಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಅಂದರೆ ನಾಲ್ಕು ಕ್ವಿಂಟಲಿಗೆ ಸ್ವಲ್ಪ ಕಡಿಮೆ. ಬಿಡಿಸಿದ ಕೂಲಿ, ಸಾಗಿಸಿದ ಬಾಡಿಗೆ ಬೇರೆ. ಚೆನ್ನಾಗಿಯೇ ನಡೆಯುವ ಯಂತ್ರವನ್ನು ಮೂಲೆಗೆ ಹಾಕಿ ಅಷ್ಟು ಖರ್ಚು ಮಾಡುವ ಮೊದಲು ಲಿನಕ್ಸ್‌ನತ್ತ ಒಮ್ಮೆ ನೋಡುವುದು ಒಳ್ಳೆಯದು.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ಹುಡುಗ 1991ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಗಣಕದ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆದು ಎಲ್ಲರಿಗೂ ಹಂಚಿದ. ಅದೇ ಲಿನಕ್ಸ್. ಆದರೆ ಬರಿಯ ತಿರುಳಿನಿಂದ ಮನೆಯ ಕೆಲಸ ಆಗದು. ಜೋಳದ ರೊಟ್ಟಿಯೊಂದನ್ನೇ ತಟ್ಟೆಗೆ ಹಾಕಿದರೆ ಊಟ ಆದೀತೇ? ಎಣ್ಣೆಗಾಯಿ ಬೇಕು, ಶೇಂಗಾ ಚಟ್ನಿ ಬೇಕು, ಮೊಸರು ಬೇಕು. ತಿರುಳಿನ ಜೊತೆಗೆ ಪರದೆಯ ಅಲಂಕಾರ, ಬರೆಯುವ ತಂತ್ರಾಂಶ, ಬ್ರೌಸರ್, ಚಿತ್ರ ತೋರಿಸುವ ತಂತ್ರಾಂಶ ಎಲ್ಲ ಸೇರಿಸಿ ಬಡಿಸಿದ ತಟ್ಟೆಗೆ ‘ವಿತರಣೆ’ ಎನ್ನುತ್ತಾರೆ. ಹುಡುಗರ ಬಾಯಲ್ಲಿ ಅದು ‘ಡಿಸ್ಟ್ರೋ’. ರೊಟ್ಟಿ ಒಂದೇ, ಪಲ್ಯ ಬೇರೆ ಬೇರೆ. ಇಂಥ ತಟ್ಟೆಗಳು ನೂರಾರು ಇವೆ. ಗೊಂದಲ ಶುರುವಾಗುವುದೇ ಅಲ್ಲಿ.

ಇದೆಲ್ಲ ದೊಡ್ಡ ಎಂಜಿನಿಯರುಗಳ ಆಟ, ನಮ್ಮ ಮಕ್ಕಳಿಗೆ ಹಿಡಿಸದು ಎಂಬ ಅಂಜಿಕೆ ತಂದೆತಾಯಿಯರಿಗೆ ಇದ್ದರೆ ಕಾಸರಗೋಡಿನ ಕಡೆ ನೋಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಐ.ಟಿ. ಪಾಠ ನಡೆಯುವುದು ಉಬುಂಟುವಿನ ಮೇಲೆ ಕಟ್ಟಿದ ಲಿನಕ್ಸ್‌ನಲ್ಲಿ. ‘ಕೈಟ್’ ಎಂಬ ಸರ್ಕಾರಿ ಸಂಸ್ಥೆ ಅದನ್ನು ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠದ ಪುಸ್ತಕ ಕನ್ನಡದಲ್ಲಿಯೇ ಇದೆ, ಎಸ್ಸೆಸ್ಸೆಲ್ಸಿಯ ಐ.ಟಿ. ಪರೀಕ್ಷೆಯೂ ಅದರಲ್ಲಿಯೇ. ಹಳ್ಳಿಯ ಕನ್ನಡ ಮಕ್ಕಳು ವರ್ಷಗಳಿಂದ ದಿನವೂ ಮುಟ್ಟುತ್ತಿರುವ ವಸ್ತು ಇದು.

ಇನ್ನು ಆಯ್ಕೆ. ಯಾವ ಲಿನಕ್ಸ್ ಎಂದು ಕೇಳುವ ಮೊದಲು ಮನೆಯಲ್ಲಿ ಆ ಗಣಕದಿಂದ ಏನು ಕೆಲಸ ಆಗಬೇಕು ಎಂದು ಕೇಳಿಕೊಳ್ಳಿ. ಮಗ ಟ್ಯಾಲಿ ಕಲಿತು ಅಂಗಡಿಯ ಲೆಕ್ಕ ಬರೆಯುವ ನೌಕರಿಗೆ ಹೋಗಬೇಕೆಂದಿದ್ದರೆ, ಅಥವಾ ಡಿಪ್ಲೊಮಾ ಸಿವಿಲ್ ಓದುತ್ತ ಆಟೋಕ್ಯಾಡ್ ಅಭ್ಯಾಸ ಮಾಡಬೇಕಿದ್ದರೆ, ಲಿನಕ್ಸ್ ಸಾಲದು. ಆ ತಂತ್ರಾಂಶಗಳನ್ನು ಮಾಡಿರುವುದು ವಿಂಡೋಸ್‌ಗೆ. ಅಡ್ಡದಾರಿಯಲ್ಲಿ ನಡೆಸುವ ಉಪಾಯಗಳಿವೆ, ಆದರೆ ಕಲಿಯುವ ಹುಡುಗನಿಗೆ ಅವು ಕಾಟವೇ. ಇಂಥ ಮನೆಯಲ್ಲಿ ವಿಂಡೋಸ್ ಉಳಿಯಲಿ. ಬೇಕಾದರೆ ಪಕ್ಕದಲ್ಲಿ ಲಿನಕ್ಸ್ ಇರಲಿ. ಅದೇ ಓದು, ಬರಹ, ವಿಡಿಯೊ ಪಾಠ, ಅರ್ಜಿ ತುಂಬುವುದು, ಪೈಥಾನ್ ಅಥವಾ ಸಿ ಭಾಷೆಯ ಅಭ್ಯಾಸ, ಇಷ್ಟೇ ಆದರೆ ಲಿನಕ್ಸ್ ಧಾರಾಳ ಸಾಕು. ಪ್ರೋಗ್ರಾಮಿಂಗ್ ಕಲಿಯುವವರಿಗಂತೂ ಅದು ತವರುಮನೆ.

ವಿತರಣೆಗಳ ಪೈಕಿ ಡೆಬಿಯನ್ ಹಿರಿಯ, 1993ರದು. ಅದರ ಮಗ ಉಬುಂಟು, 2004ರದು. ಉಬುಂಟುವಿನ ಮೇಲೆ ಬೆಳೆದ ಲಿನಕ್ಸ್ ಮಿಂಟ್ ಮೊಮ್ಮಗ, 2006ರದು. ಒಂದೇ ಮನೆತನವಾದ್ದರಿಂದ ಒಬ್ಬರಿಗೆ ಹೇಳಿದ ಔಷಧ ಬಹುಮಟ್ಟಿಗೆ ಇನ್ನೊಬ್ಬರಿಗೂ ನಾಟುತ್ತದೆ. ಹೊಸಬರ ಮನೆಗೆ ನನ್ನ ಮತ ಮೊಮ್ಮಗನಿಗೆ. ಕಾರಣ ಸರಳ. ಕೆಳಗಿನ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ವಿಂಡೋಸ್ ಬಳಸಿದ ಕೈ ಅಲ್ಲಿ ತಡಕಾಡುವುದಿಲ್ಲ. ಕನಿಷ್ಠ 2 ಜಿ.ಬಿ. ರ‍್ಯಾಮ್ ಇದ್ದರೆ ನಡೆಯುತ್ತದೆ, 4 ಇದ್ದರೆ ಆರಾಮ. ಮಿಂಟ್‌ನಲ್ಲಿಯೇ ಮೂರು ಬಗೆ ಇವೆ: ಸಿನಮನ್, ಮಾತೆ, ಎಕ್ಸ್‌ಎಫ್‌ಸಿಇ. ನಮ್ಮ ಕಲ್ಲೂರಿನ 4 ಜಿ.ಬಿ. ಯಂತ್ರಕ್ಕೆ ಕೊನೆಯದೇ ಸರಿ, ಅದು ಹಗುರ. 8 ಜಿ.ಬಿ. ಇದ್ದವರು ಸಿನಮನ್ ಹಾಕಿಕೊಳ್ಳಲಿ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ತೇಪೆಗಳು ಬರುತ್ತವೆ. ಅಂದರೆ ಈಗ ಪಿಯುಸಿ ಓದುವವರು ಪದವಿಯ ಬಹುಭಾಗವನ್ನು ಇದರಲ್ಲಿಯೇ ಕಳೆಯಬಹುದು.

ಉಬುಂಟು ಕೆಟ್ಟದ್ದೇನಲ್ಲ, ನೆರವು ಹೇರಳ. ಆದರೆ ಅದರ ಮೂಲ ರೂಪ 4 ಜಿ.ಬಿ. ಯಂತ್ರದಲ್ಲಿ ಏದುಸಿರು ಬಿಡುತ್ತದೆ. ಡೆಬಿಯನ್ ಗಟ್ಟಿ, ಮಾತು ಕಡಿಮೆ, ಅನುಭವಸ್ಥರಿಗೆ ಚೆಂದ. ಫೆಡೋರಾದ ಪ್ರತಿ ಆವೃತ್ತಿಗೂ ಬೆಂಬಲ ಸುಮಾರು 13 ತಿಂಗಳು ಮಾತ್ರ. ಮೊಬೈಲ್ ಡೇಟಾ ಲೆಕ್ಕ ಹಾಕಿ ಖರ್ಚು ಮಾಡುವ ಮನೆಗೆ ಅದು ದುಬಾರಿ ನೆಂಟ. ನಮ್ಮ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧರಿಸಿ 2007ರಲ್ಲಿ ಹೊರತಂದ ‘ಬಾಸ್’ ಕೂಡ ಇದೆ, ಭಾರತೀಯ ಭಾಷೆಗಳ ಕಾಳಜಿ ಅದರ ಹೆಗ್ಗಳಿಕೆ. ಆದರೆ ತೊಡಕು ಬಂದಾಗ ಬಿಡಿಸಿಕೊಡುವ ಬಳಕೆದಾರರು ಮಿಂಟ್, ಉಬುಂಟುಗೆ ಸಿಗುವಷ್ಟು ಅದಕ್ಕೆ ಸಿಗುವುದು ಕಷ್ಟ.

ವಿದ್ಯಾರ್ಥಿ ಮಿತ್ರರಿಗೆ ಇಲ್ಲೊಂದು ಮಾತು. ವಿಡಿಯೊಗಳಲ್ಲಿ ಕಪ್ಪು ಪರದೆ, ಹಸಿರು ಅಕ್ಷರ ನೋಡಿ ‘ಕಾಲಿ ಲಿನಕ್ಸ್’ ಹಾಕಿಸಿಕೊಳ್ಳಬೇಕೆಂದು ಮನಸ್ಸಾಗುತ್ತದೆ. ಅದು ಗಣಕಜಾಲಗಳ ಭದ್ರತೆ ಪರೀಕ್ಷಿಸುವ ವೃತ್ತಿಯವರ ಸಲಕರಣೆ ಪೆಟ್ಟಿಗೆ. ಲಿನಕ್ಸ್ ಪರಿಚಯ ಇಲ್ಲದವರು ಇದನ್ನು ದಿನಬಳಕೆಗೆ ಆರಿಸಬೇಡಿ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ಅಮ್ಮ ಆರ್.ಟಿ.ಸಿ. ತೆಗೆಯಲು ಕೂರುವ ಗಣಕದಲ್ಲಿ ಅದಕ್ಕೆ ಜಾಗವಿಲ್ಲ.

ಕನ್ನಡದ ಪಾಡೇನು? ಇಲ್ಲಿ ಸಂತೋಷದ ಸುದ್ದಿಯೇ ಇದೆ. ಕೀಲಿಮಣೆಯ ಸೆಟ್ಟಿಂಗ್‌ಗೆ ಹೋಗಿ ಹೊಸ ವಿನ್ಯಾಸ ಸೇರಿಸಲು ಹೊರಟರೆ ಪಟ್ಟಿಯಲ್ಲಿ ಕನ್ನಡದ ಎದುರು ‘ಕಗಪ’ ಎಂಬ ಹೆಸರು ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು! ಮೂಲದಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿದ, ನುಡಿ ತಂತ್ರಾಂಶದಲ್ಲಿ ಲಕ್ಷಾಂತರ ಬೆರಳುಗಳು ಪಳಗಿದ ಅದೇ ವಿನ್ಯಾಸ. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತಿದರಾಯಿತು. ಒತ್ತಕ್ಷರಕ್ಕೆ ಎಫ್ ಕೊಂಡಿ. ಇನ್ನೂ ಸ್ವಲ್ಪ ಕೆಳಗೆ ನೋಡಿದರೆ ಹಿಂದಿ, ಮರಾಠಿ, ಸಂಸ್ಕೃತಕ್ಕೂ ‘ಕಗಪ’ ಹೆಸರಿನ ವಿನ್ಯಾಸಗಳಿವೆ. ಬೆಂಗಳೂರಿನ ಪರಿಷತ್ತಿನ ಹೆಸರು ಹೀಗೆ ಜಗತ್ತಿನ ಲಿನಕ್ಸ್ ಗಣಕಗಳಲ್ಲೆಲ್ಲ ಕುಳಿತಿದೆ. ಇದಕ್ಕೆ ನಮ್ಮಲ್ಲಿ ಯಾರೂ ಡಂಗುರ ಹೊಡೆದಂತಿಲ್ಲ.

ಒಂದು ತೊಡಕು ಇದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳನ್ನು ಲಿನಕ್ಸ್‌ನ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಗಾಬರಿ ಬೇಡ, ಕಡತ ಕೆಟ್ಟಿಲ್ಲ. ಆ ಫಾಂಟ್ ಕಡತವನ್ನು ಪ್ರತಿ ಮಾಡಿ ಇಲ್ಲಿ ಹಾಕಿಕೊಂಡರೆ ಓದಬಹುದು. ಶಾಶ್ವತವಾಗಿ ಇಡಬೇಕಾದದ್ದನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅಪ್ಪ ಅಥವಾ ಅಮ್ಮ ಶಾಲಾ ಶಿಕ್ಷಕರಾಗಿದ್ದರೆ ಈ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿ.

ಅಂಗಡಿಗೆ ಹೋದರೆ ಸೀರೆಯನ್ನು ಮೈಮೇಲೆ ಇಟ್ಟು ನೋಡುತ್ತೇವಲ್ಲ, ಹಾಗೆ ಲಿನಕ್ಸನ್ನು ಹಾಕಿಸಿಕೊಳ್ಳದೆಯೇ ನೋಡಬಹುದು. 8 ಜಿ.ಬಿ.ಯ ಪೆನ್‌ಡ್ರೈವ್ ಸಾಕು. ಮಿಂಟ್‌ನ ಕಡತ ಸುಮಾರು 3 ಜಿ.ಬಿ. ಇದೆ, ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ದಿನದ ಮೊಬೈಲ್ ಡೇಟಾ ಸಾಲದಿದ್ದರೆ ರಾಯಚೂರಿನಲ್ಲಿ ಓದುವ ಅಣ್ಣನಿಗೋ ಅಕ್ಕನಿಗೋ ಹೇಳಿದರೆ ಕಾಲೇಜಿನ ವೈಫೈಯಲ್ಲಿ ಇಳಿಸಿಕೊಡುತ್ತಾರೆ. ‘ರೂಫಸ್’ ಎಂಬ ಪುಟ್ಟ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಬೇಕು. ಬರೆದಾಗ ಅದರಲ್ಲಿದ್ದ ಹಳೆಯ ಹಾಡು, ಫೋಟೊ ಎಲ್ಲ ಅಳಿಸಿಹೋಗುತ್ತವೆ, ನೆನಪಿರಲಿ. ಆಮೇಲೆ ಗಣಕ ಚಾಲೂ ಮಾಡುವಾಗ ಎಫ್ 12 ಅಥವಾ ನಿಮ್ಮ ಯಂತ್ರದ ಬೂಟ್ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ತೆರೆದುಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ಅನ್ನು ಅದು ತಾನಾಗಿ ಮುಟ್ಟುವುದಿಲ್ಲ. ಒಂದು ಸಂಜೆ ಕುಳಿತು ನೋಡಿ: ವೈಫೈ ಸಿಗುತ್ತದೆಯೇ? ಸದ್ದು ಬರುತ್ತದೆಯೇ? ಪ್ರಿಂಟರ್ ಓಡುತ್ತದೆಯೇ? ಕನ್ನಡ ಮೂಡುತ್ತದೆಯೇ? ಪೆನ್‌ಡ್ರೈವ್‌ನಿಂದ ನಡೆಯುವಾಗ ಸ್ವಲ್ಪ ನಿಧಾನ, ಅದನ್ನು ನೋಡಿ ಮೂಗು ಮುರಿಯಬೇಡಿ.

ಒಪ್ಪಿಗೆಯಾದರೆ ನನ್ನ ಸಲಹೆ ಇದು. ಹಳೆಯ ಹಾರ್ಡ್ ಡಿಸ್ಕ್ ಅನ್ನು ಅಳಿಸಲು ಹೋಗಬೇಡಿ. 256 ಜಿ.ಬಿ.ಯ ಒಂದು ಎಸ್.ಎಸ್.ಡಿ. ಕೊಂಡು, ಹಳೆಯ ಡಿಸ್ಕ್‌ನ ವಯರು ಕಳಚಿ ಬೀರುವಿನಲ್ಲಿಟ್ಟು, ಹೊಸದರ ಮೇಲೆ ಮಿಂಟ್ ಹಾಕಿ. ಹೊಸ ಗಣಕದ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಯಂತ್ರದ ವೇಗ ಹೆಚ್ಚುವುದು ಮುಖ್ಯವಾಗಿ ಈ ಎಸ್.ಎಸ್.ಡಿ.ಯಿಂದ, ಹೊಗಳಿಕೆ ಲಿನಕ್ಸ್‌ಗೆ ಹೋಗುತ್ತದೆ, ಇರಲಿ. ಮನೆಯವರಿಗೆ ಹಿಡಿಸದಿದ್ದರೆ ಹಳೆಯ ಡಿಸ್ಕ್ ತಂದು ಸಿಕ್ಕಿಸಿದರಾಯಿತು. ಒಂದೇ ಡಿಸ್ಕ್‌ನಲ್ಲಿ ಎರಡನ್ನೂ ಇಡುವ ಸಾಹಸಕ್ಕೆ ಇಳಿಯುವವರು ಮೊದಲು ಫೋಟೊ, ಅಂಕಪಟ್ಟಿ, ಜಮೀನಿನ ಕಾಗದಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಡಲೇಬೇಕು. ವಿಭಾಗ ಮಾಡುವಾಗ ಒಂದು ತಪ್ಪು ಗುಂಡಿ ಒತ್ತಿದರೆ ಎಲ್ಲ ಹೋಯಿತು.

ಹಾಕಲು ಹಿಡಿಯುವುದು ಅರ್ಧ ಗಂಟೆಯಿಂದ ಒಂದು ಗಂಟೆ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಶಕ್ತಿನಗರದ ವಿದ್ಯುತ್ತು ನಾಡಿಗೆಲ್ಲ ಹರಿದರೂ ಬೇಸಿಗೆಯಲ್ಲಿ ನಮ್ಮೂರಿನ ಕರೆಂಟ್ ನಂಬುವಂತಿಲ್ಲ, ಯು.ಪಿ.ಎಸ್. ಇರುವ ಕಡೆ ಕೂತು ಮಾಡಿ. ಆದ ಮೇಲೆ ‘ಅಪ್‌ಡೇಟ್ ಮ್ಯಾನೇಜರ್’ ನೂರಾರು ಎಂ.ಬಿ. ಕೇಳುತ್ತದೆ, ಆ ಮೊದಲ ಬಾರಿಯದನ್ನು ವೈಫೈ ಇರುವಲ್ಲಿಯೇ ಮುಗಿಸಿಕೊಂಡು ಬನ್ನಿ. ಅದರ ಜೊತೆಗೇ ‘ಟೈಮ್‌ಶಿಫ್ಟ್’ ತೆರೆದು ವ್ಯವಸ್ಥೆಯ ಒಂದು ಪ್ರತಿ ತೆಗೆದಿಡಿ. ಮುಂದೆ ಮಕ್ಕಳು ಏನಾದರೂ ಕೆದಕಿ ಕೆಡಿಸಿದರೆ ಅಲ್ಲಿಂದ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ಮಗಳು ಬರೆದ ಟಿಪ್ಪಣಿ, ಮನೆಯ ಫೋಟೊಗಳನ್ನು ಟೈಮ್‌ಶಿಫ್ಟ್ ತಾನಾಗಿ ಕಾಯುವುದಿಲ್ಲ, ಅವುಗಳ ಪ್ರತಿ ಪೆನ್‌ಡ್ರೈವ್‌ನಲ್ಲಿ ಬೇರೆಯೇ ಇರಬೇಕು.