ಪದವಿಪೂರ್ವ ತರಗತಿಗಳಲ್ಲಿ ಸಂಗೀತವಿದ್ಯೆ

ನಮ್ಮ ರಾಜ್ಯದ ಪದವಿಪೂರ್ವ ಶಿಕ್ಷಣದ ವಿಷಯಪಟ್ಟಿಯಲ್ಲಿ ಹಿಂದೂಸ್ಥಾನೀ ಸಂಗೀತವೆಂಬುದೊಂದು ಉಂಟೆಂದರೆ ವಾಚಕರಲ್ಲಿ ಅನೇಕರು ಆಶ್ಚರ್ಯಪಟ್ಟಾರು. ಪರೀಕ್ಷೆಯ ವೇಳಾಪಟ್ಟಿಯಲ್ಲಿ ಅದಕ್ಕೂ ಒಂದು ದಿನವನ್ನು ಗೊತ್ತುಮಾಡಲಾಗಿದೆ. ಆದರೆ ಅದನ್ನು ಕಲಿಸುವ ಅಧ್ಯಾಪಕರು ತಮ್ಮ ಊರಿನ ಸರ್ಕಾರಿ ಕಾಲೇಜಿನಲ್ಲಿ ಇರುವರೇ ಎಂದು ಅವರೇ ವಿಚಾರಿಸಿ ನೋಡಲಿ. ಬಹಳ ಕಡೆ ಇಲ್ಲವೆಂಬುದೇ ಉತ್ತರ. ಸರ್ಕಾರವು ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳನ್ನೇನೋ ಏರ್ಪಡಿಸಿದೆ. ಪಾಠದ ಭಾರವನ್ನು ಮಾತ್ರ ತಂದೆತಾಯಿಗಳ ಜೇಬಿಗೆ ಬಿಟ್ಟಿದೆ. ಫೀಸು ಕೊಡಲಾರದವನ ಮಗಳಿಗೆ ಕಂಠವಿದ್ದು ಫಲವೇನು?

ಹದಿನಾರು ಹದಿನೇಳರ ವಯಸ್ಸು ಈ ವಿದ್ಯೆಗೆ ಸಾಮಾನ್ಯವಾದುದಲ್ಲ. ಸರಳೆ, ಜಂಟೆ, ಅಲಂಕಾರಗಳನ್ನು ದಾಟಿ ವರ್ಣಕ್ಕೆ ಬಂದವರು ಆಲಾಪನೆಗೂ ಕಲ್ಪನಾಸ್ವರಕ್ಕೂ ಕೈಯಿಡುವ ಕಾಲವದು. ಒಡೆದ ಕಂಠವು ನೆಲೆಗೊಂಡು ಹುಡುಗರು ಹೊಸ ಶ್ರುತಿಯನ್ನು ಹಿಡಿಯಬೇಕಾದುದೂ ಹೆಚ್ಚುಕಡಿಮೆ ಆಗಲೇ. ಗುರುವಿನ ಕಿವಿ ಎಡೆಬಿಡದೆ ಬೇಕಾದ ಆ ಎರಡು ವರ್ಷಗಳಲ್ಲಿಯೇ ಪ್ರವೇಶಪರೀಕ್ಷೆಗಳ ಟ್ಯೂಷನ್ನಿನ ಗಲಾಟೆಗೆ ತಂಬೂರಿಯು ಗವಸು ಸೇರುತ್ತದೆ. ವಿಜ್ಞಾನವನ್ನು ಆರಿಸಿದವನಿಗೆ ಸಂಗೀತವನ್ನು ಜೊತೆಗೆ ಓದಲು ಸಾಮಾನ್ಯವಾಗಿ ಆಸ್ಪದವೇ ಇಲ್ಲ. ಹನ್ನೆರಡು ಸ್ವರಸ್ಥಾನಗಳಿಂದ 72 ಮೇಳಗಳನ್ನು ಲೆಕ್ಕಹಾಕಿ ತೆಗೆದ 17ನೆಯ ಶತಮಾನದ ವೆಂಕಟಮಖಿಯನ್ನು ನಮ್ಮ ವಿದ್ಯಾಖಾತೆಯವರು ಯಾವ ವಿಭಾಗಕ್ಕೆ ಸೇರಿಸುತ್ತಿದ್ದರೋ ತಿಳಿಯದು! ಕಲೆಗೂ ವಿಜ್ಞಾನಕ್ಕೂ ನಡುವೆ ಬಿಗಿಯಾದ ಗೋಡೆ ಕೂಡದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿತು. ಆ ನೀತಿಯನ್ನು ಒಪ್ಪುವುದೋ ಬಿಡುವುದೋ ಎಂಬ ಚರ್ಚೆ ಬೇರೆ. ಈ ಒಂದು ಮಾತು ಯಾರ ಬಾಯಿಂದ ಬಂದರೂ ಗ್ರಾಹ್ಯವೇ.

ಸಂಗೀತವನ್ನು ಅಂಕಗಳಿಂದ ಅಳೆಯಲಾಗದೆಂಬ ಆಕ್ಷೇಪಣೆಯುಂಟು. ಕೇಂದ್ರೀಯ ಮಾಧ್ಯಮಿಕ ಮಂಡಳಿಯವರು ಹನ್ನೊಂದು ಹನ್ನೆರಡನೆಯ ತರಗತಿಗಳಲ್ಲಿ ಹಾಡುಗಾರಿಕೆಯ ಪ್ರಯೋಗಕ್ಕೆ 70, ಶಾಸ್ತ್ರಕ್ಕೆ 30 ಅಂಕಗಳನ್ನಿಟ್ಟು ಅಳೆಯುತ್ತಲೇ ಇದ್ದಾರೆ. ಗುರುಕುಲವಲ್ಲದೆ ಈ ವಿದ್ಯೆ ಸಿದ್ಧಿಸದೆಂದು ಹೇಳುವ ಹಿರಿಯರ ಮಾತನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಕೂಲಿಯವನ ಮಗುವನ್ನು ಕರೆದುಕೊಳ್ಳುವ ಗುರುಕುಲಗಳು ಎಷ್ಟಿವೆ? ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ 2010ರವರೆಗೆ ಪುಟ್ಟರಾಜ ಗವಾಯಿಗಳೂ ಅಂಧರಿಗೂ ಅನಾಥರಿಗೂ ಅನ್ನವನ್ನಿಕ್ಕಿ ಸ್ವರಜ್ಞಾನವನ್ನು ಕೊಟ್ಟರು. ಭಕ್ತರ ದಾನದಿಂದಲೂ ನಾಟಕ ಮಂಡಳಿಯ ಗಳಿಕೆಯಿಂದಲೂ ಸ್ವತಃ ಕಣ್ಣಿಲ್ಲದ ಆ ಇಬ್ಬರು ನಡೆಸಿದ ಕಾರ್ಯವನ್ನು ಬೊಕ್ಕಸವುಳ್ಳ ಸರ್ಕಾರವು ಅಸಾಧ್ಯವೆನ್ನುವುದು ಶೋಭಿಸುವ ಮಾತಲ್ಲ.

ನಾವು ಕೇಳುವುದು ದೊಡ್ಡದೇನೂ ಅಲ್ಲ. ರಾಜ್ಯದಲ್ಲಿ 31 ಜಿಲ್ಲೆಗಳಿವೆ. ಮೊದಲಿಗೆ ಜಿಲ್ಲೆಗೊಂದು ಸರ್ಕಾರಿ ಪದವಿಪೂರ್ವ ಕಾಲೇಜನ್ನು ಆರಿಸಿ, ಪ್ರತಿಯೊಂದಕ್ಕೂ ಹಾಡುಗಾರಿಕೆಯ ಅಧ್ಯಾಪಕರೊಬ್ಬರನ್ನೂ ಮೃದಂಗ ಅಥವಾ ತಬಲ ನುಡಿಸುವವರೊಬ್ಬರನ್ನೂ ನೇಮಿಸಲಿ. ಒಟ್ಟು 62 ಹುದ್ದೆಗಳು. ಕರ್ಣಾಟಕ, ಹಿಂದೂಸ್ಥಾನೀ ಪದ್ಧತಿಗಳಲ್ಲಿ ಯಾವುದೆಂಬುದನ್ನು ಆಯಾ ಸೀಮೆಯ ರೂಢಿ ನಿರ್ಣಯಿಸಲಿ. ವಿಜ್ಞಾನ, ವಾಣಿಜ್ಯಗಳ ವಿದ್ಯಾರ್ಥಿಗಳಿಗೂ ಇದನ್ನು ಆರಿಸಿಕೊಳ್ಳುವ ಹಕ್ಕಿರಲಿ. ಮುಂದಿನ ವರ್ಷದ ಪ್ರವೇಶದ ಅರ್ಜಿಗಳು ಸಿದ್ಧವಾಗುವುದಕ್ಕೆ ಮುಂಚೆಯೇ ಖಾತೆಯವರು ಇದನ್ನು ಪರ್ಯಾಲೋಚಿಸುವರೆಂದು ನಂಬುತ್ತೇವೆ.