ಗುಜರಿಗೆ ಹಾಕುವ ಮುನ್ನ ಮೂರು ಸಾಲು ಬರೆದು ನೋಡಿ

ನಮ್ಮ ಬಳಗದ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹೊಸದಾಗಿ ಹಾಕಿದ ಮೇಲೆ ವೈ-ಫೈ ಕೈಕೊಟ್ಟಿತು. ತಾಲೂಕಿನ ಅಂಗಡಿಯವರು 'ಇದು ಮುಗೀತು, ಹೊಸದು ತಗೊಳ್ಳಿ' ಅಂದರು. ಚಿಪ್ ಕೆಟ್ಟಿರಲೇ ಇಲ್ಲ.

ಲಿನಕ್ಸ್‌ನ ತಿರುಳು ಕರ್ನಲ್. ವೈ-ಫೈ, ಕ್ಯಾಮೆರಾ, ಸೌಂಡ್ ಕೆಲಸ ಮಾಡಲು ಅದಕ್ಕೆ ಮಾಡ್ಯೂಲ್ ಎಂಬ ಸಣ್ಣ ತುಣುಕುಗಳು ಬೇಕು. ಕಂಪ್ಯೂಟರ್ ಆನ್ ಆದಾಗ ಯಾವ ಚಿಪ್ ಇದೆ ಎಂದು ನೋಡಿ ತಾನೇ ಎಳೆದುಕೊಳ್ಳುತ್ತದೆ. ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಬಿ43, ಡಬ್ಲ್ಯೂಎಲ್ ಎಂಬ ಎರಡು ಮಾಡ್ಯೂಲ್‌ಗಳಿವೆ. ನಮಗೆ ಬೇಕಿದ್ದದ್ದು ಡಬ್ಲ್ಯೂಎಲ್. ಆದರೆ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ ಬಿ43 ಮೊದಲೇ ಬಂದು ಕೂತಿತ್ತು!

ಇಟಿಸಿ ಫೋಲ್ಡರಿನೊಳಗೆ ಮಾಡ್‌ಪ್ರೋಬ್ ಡಾಟ್ ಡಿ ಅಂತ ಒಂದು ಫೋಲ್ಡರ್ ಇದೆ. ಅಲ್ಲಿನ ಫೈಲಿನಲ್ಲಿ 'ಬ್ಲ್ಯಾಕ್‌ಲಿಸ್ಟ್ ಬಿ43' ಅಂತ ಬರೆದೆವು. ಅದರ ಜೊತೆಗಾರರಾದ ಎಸ್‌ಎಸ್‌ಬಿ, ಬಿಸಿಎಂಎಗೂ ಒಂದೊಂದು ಸಾಲು. ರೀಸ್ಟಾರ್ಟ್ ಮಾಡಿದಾಗ ವೈ-ಫೈ ಬಂತು. ತಾನಾಗಿ ಬಾರದ ಮಾಡ್ಯೂಲನ್ನು ಕರೆಯಲು ಮಾಡ್ಯೂಲ್ಸ್-ಲೋಡ್ ಡಾಟ್ ಡಿ ಇದೆ, ಸಾಲಿಗೊಂದು ಹೆಸರು. ಈಗ ಯಾವ್ಯಾವುದು ಲೋಡ್ ಆಗಿದೆ ಎಂಬುದನ್ನು ಎಲ್‌ಎಸ್‌ಮಾಡ್ ತೋರಿಸುತ್ತದೆ. ಗೊತ್ತಿಲ್ಲದ ಹೆಸರನ್ನು ಮಾತ್ರ ತಡೆಯಬೇಡಿ, ಕೀಬೋರ್ಡೇ ಸುಮ್ಮನಾದೀತು.

ಊರಿನ ಶಾಲೆಯಲ್ಲಿ ಕಂಪ್ಯೂಟರ್ ಪಾಠವೆಂದರೆ ಪೇಂಟ್‌ನಲ್ಲಿ ಹೂವು ಬಿಡಿಸುವುದಷ್ಟೇ ಆಗಬಾರದು, ಇದನ್ನೂ ಕಲಿಸಬೇಕು ಎಂಬುದು ನಮ್ಮ ವಾದ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸುವ ಮನೆಯ ಮಕ್ಕಳಿಗೆ ಮೂರು ಸಾಲು ಎಷ್ಟರ ಕೆಲಸ? ಅಂದ ಹಾಗೆ, ಫೈಲಿನ ಮೇಲ್ಗಡೆ ಹ್ಯಾಶ್ ಗುರುತು ಹಾಕಿ ದಿನಾಂಕ, ಕಾರಣ ಬರೆದಿಡಿ. ನಾವು ಬರೆದಿರಲಿಲ್ಲ, ಎರಡು ವಾರಕ್ಕೆ ನಮ್ಮವರೇ ಒಬ್ಬರು ಆ ಸಾಲುಗಳನ್ನು ಅಳಿಸಿಬಿಟ್ಟರು.