ರೀಲ್ಸ್ ನೋಡಿದ್ದಾಯಿತು, ಸಭೆಯಲ್ಲಿ ಕೇಳುವವರು ಎಲ್ಲಿ?

ಬೆಳಿಗ್ಗೆ ವಾಟ್ಸಾಪ್ ತೆಗೆದರೆ ಯಾರಾದರೂ ಒಬ್ಬ ಮುಖಂಡರು ಕೈ ಮುಗಿದು ನಿಂತಿರುತ್ತಾರೆ. ಹಬ್ಬಕ್ಕೆ ಶುಭಾಶಯ, ಸಾವಿಗೆ ಸಂತಾಪ, ತೇರು ಎಳೆದರೆ ಸಿನಿಮಾ ಹಾಡು ಹಾಕಿದ ರೀಲ್ಸ್. ಇವರಲ್ಲಿ ಹಲವರು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕಾಣುವುದೇ ಇಲ್ಲ. ಅಲ್ಲಿ ಕುರ್ಚಿ ಇದ್ದವರಿಗೆ ಜಾಗ: ಉಸ್ತುವಾರಿ ಸಚಿವರು, ಶಾಸಕರು, ಡಿಸಿ, ಸಿಇಒ. ಹಾಗಂತ ಫೋನು ಬಂದ ಮೇಲೆ ರಾಜಕೀಯ ಎಲ್ಲರದ್ದಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಜಿಲ್ಲಾ ಪಂಚಾಯಿತಿ ಸಾಮಾನ್ಯ ಸಭೆ ಅಂದರೆ ನಮಗೆ ಕೈತುಂಬಾ ಸುದ್ದಿ. ಸದಸ್ಯರು ಎದ್ದು ನಿಂತು, ‘ನಮ್ಮೂರ ಶುದ್ಧ ನೀರಿನ ಘಟಕ ಕೆಟ್ಟು ಎಷ್ಟು ದಿನ ಆಯ್ತು ಹೇಳಿ’ ಎಂದು ಇಂಜಿನಿಯರನ್ನು ಕೇಳುತ್ತಿದ್ದರು. ಅವರು ಫೈಲು ತಡಕಾಡುತ್ತಿದ್ದರು. ಮರುದಿನ ಪೇಪರಿನಲ್ಲಿ ಊರಿನ ಹೆಸರು, ಸದಸ್ಯರ ಹೆಸರು, ಅಧಿಕಾರಿಯ ಉತ್ತರ ಮೂರೂ ಇರುತ್ತಿದ್ದವು. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೇಳುವ ಸದಸ್ಯರೇ ಇಲ್ಲದ ಮೇಲೆ ಸಭೆಯ ವರದಿ ಅಂದರೆ ಇಲಾಖೆ ಕಳಿಸಿದ ಪ್ರೆಸ್ ನೋಟ್.

ಹಳೇ ಸದಸ್ಯರು, ಮುಂದೆ ನಿಲ್ಲಬೇಕೆಂದಿರುವವರು ಫೋನಿಗೆ ಬಂದರು. ತಪ್ಪೇನಿಲ್ಲ. ಆದರೆ ಅಲ್ಲಿ ಉತ್ತರ ಕೊಡಬೇಕಾದ ಅಧಿಕಾರಿ ಎದುರಿಗೆ ಕೂತಿರುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ನಿಂತು ಮಾಡಿದ ವಿಡಿಯೋವನ್ನು ಸಾವಿರ ಜನ ನೋಡಬಹುದು, ಸಭೆಯ ನಡಾವಳಿಯಲ್ಲಿ ಅದು ಸೇರುವುದಿಲ್ಲ. ಅಂಥ ವಿಡಿಯೋ ನಿಮ್ಮ ಗ್ರೂಪಿಗೆ ಬಂದರೆ, ‘ಅರ್ಜಿ ಕೊಟ್ಟಿದ್ದೀರಾ ಅಣ್ಣಾ, ಸೀಲ್ ಹಾಕಿದ ಪ್ರತಿ ಹಾಕಿ’ ಎಂದು ಅಲ್ಲೇ ಕೇಳಿ. ಆ ಪ್ರತಿ ಇದ್ದರೆ ನಾನೂ ಅಧಿಕಾರಿಯ ಹತ್ತಿರ ಹೋಗಿ ಕೇಳಬಹುದು, ಸುದ್ದಿ ಮಾಡಬಹುದು.

ಇನ್ನು ಗ್ರಾಮ ಪಂಚಾಯಿತಿ. ಶೇ 50ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಫೋನಿಗೆ ಬರುವ ಬ್ಯಾನರಿನಲ್ಲಿ ಮಾತ್ರ ಗಂಡನ ಫೋಟೋ ದೊಡ್ಡದು, ಅಧ್ಯಕ್ಷೆಯದು ಮೂಲೆಯಲ್ಲಿ. ಪೇಪರಿನವರಾದ ನಾವೇನು ಕಮ್ಮಿಯಿಲ್ಲ. ಒಮ್ಮೆ ರಸ್ತೆ ಕಾಮಗಾರಿಯ ಗುದ್ದಲಿ ಪೂಜೆ ಫೋಟೋಗೆ ಶಾಸಕರು, ಮುಖಂಡರು, ಗುತ್ತಿಗೆದಾರರು ಎಲ್ಲರ ಹೆಸರನ್ನೂ ಬರೆದೆ. ಗುದ್ದಲಿ ಹಿಡಿದಿದ್ದ ಅಧ್ಯಕ್ಷೆಯ ಹೆಸರನ್ನೇ ಬಿಟ್ಟು ‘ಮತ್ತಿತರರು ಇದ್ದರು’ ಎಂದು ಮುಗಿಸಿದೆ. ಮರುವಾರ ಸಿಕ್ಕಾಗ ಅವರು ಜಗಳವಾಡಲಿಲ್ಲ. ‘ಆ ಮತ್ತಿತರರಲ್ಲಿ ನಾನೂ ಇದ್ನಲ್ವಾ ಸರ್?’ ಅಂದರು.

ಈಗ ಅಧ್ಯಕ್ಷೆಯ ಹೆಸರನ್ನೇ ಮೊದಲು ಬರೆದು ಕಳಿಸುತ್ತೇನೆ. ಡೆಸ್ಕಿನಲ್ಲಿ ಕೆಲವೊಮ್ಮೆ ಉಳಿಯುತ್ತದೆ, ಕೆಲವೊಮ್ಮೆ ಹಾರಿಹೋಗುತ್ತದೆ. ಹಾರಿಹೋದ ದಿನ ಫೋನ್ ಮಾಡಿ ಕೇಳುತ್ತೇನೆ.